ಗೋಧಿ ತೆನೆಯ ಮುದ್ರೆ

ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಕನ್ನಡದವರು, ಮರಾಠಿಯವರು, ಗುಜರಾತಿಯವರು ಎನ್ನದೆ ಬಿಲ್ಡಿಂಗಿನ ಎಲ್ಲರಿಗೂ ಅವರು ಕಾಕು. ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಸೊಸೆಗೆ ಆಗ ಐದು ತಿಂಗಳು. ಜನವರಿಯ ಒಂದು ಭಾನುವಾರ ನಾನು ಪೇಪರ್ ಓದುತ್ತಾ ಕೂತಿದ್ದಾಗ ಕಾಕು ಬಂದು, "ಗೌಡ್ರ, ಒಂದ್ಸಲ ನಮ್ಮ ಮನಿಗೆ ಬರ್ರಿ. ನೀವು ಬಂದರದಾಗ ಕೆಲಸಾ ಮಾಡಿದವರು, ನಿಮಗ ಗೊತ್ತಿರ್ತದ," ಎಂದರು.

ಹೋಗಿ ನೋಡಿದರೆ ಹಾಲ್ ತುಂಬ ಒಂದು ತೊಟ್ಟಿಲು. ಕಲಘಟಗಿಯದು. ಸಾಗವಾನಿ ಮರ, ಅರಗಿನ ಬಣ್ಣ, ಮೇಲೆ ಬಾಲಕೃಷ್ಣನ ಚಿತ್ರಗಳು. ಕಾಕುವಿನ ಅತ್ತೆಯನ್ನು ತೂಗಿದ ತೊಟ್ಟಿಲಂತೆ, ಆಮೇಲೆ ಕಾಕುವಿನ ಯಜಮಾನರನ್ನು, ಮಗನನ್ನು. ಈಗ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಬೇಕು, ಮಗು ಹುಟ್ಟುವ ಹೊತ್ತಿಗೆ ತಲುಪಬೇಕು. ಎಷ್ಟು ಖರ್ಚಾದರೂ ಸರಿ.

ನಾನು ಬಣ್ಣ ನೋಡಲಿಲ್ಲ. ಮೂವತ್ತೈದು ವರ್ಷದ ಅಭ್ಯಾಸ ಬಲದಿಂದ ಬಗ್ಗಿ ಕೆಳಗೆ ನೋಡಿದೆ. ನೆಲದ ಟೈಲ್ಸ್ ಮೇಲೆ ರವೆಯಂಥ ಹಳದಿ ಪುಡಿ ಒಂದು ಚಿಟಿಕೆಯಷ್ಟು ಬಿದ್ದಿತ್ತು. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಕುಟ್ಟೆ ಎನ್ನುತ್ತೇವೆ.

"ಕಾಕು, ಇದನ್ನು ಹೀಗೇ ಕಳಿಸಿದರೆ ಅಲ್ಲಿಯವರು ಸುಡುತ್ತಾರೆ," ಎಂದುಬಿಟ್ಟೆ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಅವರ ಮುಖ ನೋಡಿದ ಮೇಲೆ ನನಗೆ ಹಾಗನ್ನಿಸಿತು.

ಈ ಅಂಕಣದಲ್ಲಿ ಬಂದರಿನ ಕಥೆಗಳನ್ನು ಎಷ್ಟೋ ಸಲ ಬರೆದಿದ್ದೇನೆ. ಬ್ಯಾಲಾರ್ಡ್ ಪಿಯರ್‌ನ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದು, ಆಮೇಲೆ ನ್ಹಾವಾ ಶೇವಾ ಬಂದರು ಶುರುವಾದಾಗ ಕಚೇರಿಯೂ ನಾವೂ ಖಾಡಿ ದಾಟಿದ್ದು, ಎಲ್ಲ ನಿಮಗೆ ಗೊತ್ತು. ಆದರೆ ಮರದ ಕಥೆ ಬರೆದಿರಲಿಲ್ಲ. ಅದಕ್ಕೊಂದು ಕಾರಣವೂ ಇತ್ತು, ಮುಂದೆ ಹೇಳುತ್ತೇನೆ.

ಕಂಟೇನರಿನೊಳಗೆ ಏನೇ ಸರಕಿರಲಿ, ಅದು ಸಾಮಾನ್ಯವಾಗಿ ಮರದ ಮೇಲೆ ಕೂತಿರುತ್ತದೆ. ಪ್ಯಾಲೆಟ್, ಪೆಟ್ಟಿಗೆ, ಸಂದಿಗೆ ತುರುಕುವ ತುಂಡು ಹಲಗೆ. ಸರಕಿನ ಬೆಲೆ ಲಕ್ಷ ಕೋಟಿಗಳಲ್ಲಿದ್ದರೂ ಈ ಹಲಗೆ ಅತ್ಯಂತ ಅಗ್ಗದ್ದು, ಸಾಮಿಲ್ಲಿನಲ್ಲಿ ಬೇರೆ ಯಾವುದಕ್ಕೂ ಆಗದೆ ಉಳಿದದ್ದು. ಕೆಲವೊಮ್ಮೆ ತೊಗಟೆ ಸಮೇತ. ತೊಗಟೆಯ ಕೆಳಗೆ ಮೊಟ್ಟೆ, ಮರದೊಳಗೆ ಹುಳ. ಹಲಗೆಗೆ ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಬಿಲ್ ಆಫ್ ಲೇಡಿಂಗ್‌ನಲ್ಲಿ ಹೆಸರೂ ಇಲ್ಲ. ಆದರೂ ಸಮುದ್ರ ದಾಟುತ್ತದೆ.

ಇದಕ್ಕೊಂದು ಕಡಿವಾಣ ಹಾಕಲು 2002ರಲ್ಲಿ ಅಂತಾರಾಷ್ಟ್ರೀಯ ನಿಯಮವೊಂದು ಬಂತು. ಕಾಗದಪತ್ರದಲ್ಲಿ ಐಎಸ್‌ಪಿಎಂ 15 ಎಂದು ಬರೆಯುತ್ತಿದ್ದೆವು. ಮಾತಿನಲ್ಲಿ ಮಾತ್ರ "ಠಪ್ಪಾ ಆಹೇ ಕಾ?" ಎನ್ನುವುದೇ. ಠಸ್ಸೆ ಇದೆಯಾ ಅಂತ. ಮರದ ಮೇಲೆ ಒಂದು ಚೌಕ, ಅದರೊಳಗೆ ಗೋಧಿ ತೆನೆಯ ಗುರುತು, ಪಕ್ಕದಲ್ಲಿ ದೇಶದ ಎರಡಕ್ಷರ, ನಮ್ಮದಾದರೆ ಐಎನ್, ಹಲಗೆ ಹದ ಮಾಡಿದ ಘಟಕದ ನಂಬರು, ಕೊನೆಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಎಂದರೆ ಬಿಸಿ ಕೊಟ್ಟದ್ದು: ಹಲಗೆಯ ನಟ್ಟನಡುವಿನ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಎಡೆಬಿಡದೆ 30 ನಿಮಿಷ ಹಾಗೇ ಇರಬೇಕು. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಹೊಗೆ. ತೊಗಟೆಯನ್ನಂತೂ ಮೊದಲೇ ತೆಗೆದಿರಬೇಕು. ಪ್ಲೈವುಡ್ಡಿಗೆ ಈ ನಿಯಮವಿಲ್ಲ. ಅದನ್ನು ಮಾಡುವಾಗಲೇ ಬಿಸಿ, ಅಂಟು, ಒತ್ತಡಕ್ಕೆ ಸಿಕ್ಕಿ ಹುಳ ಸತ್ತಿರುತ್ತದೆ.

56 ಡಿಗ್ರಿ ಏನು ಮಹಾ, ಮೇ ತಿಂಗಳಲ್ಲಿ ಮುಚ್ಚಿದ ಕಂಟೇನರಿನೊಳಗೆ ಅಷ್ಟು ಇರುವುದಿಲ್ಲವೇ ಎಂದು ನಮ್ಮ ಆಫೀಸಿನಲ್ಲಿ ಒಬ್ಬ ವಾದ ಮಾಡುತ್ತಿದ್ದ. ಗಾಳಿ ಬಿಸಿಯಾಗುವುದು ಬೇರೆ, ಮರದ ತಿರುಳು ಬಿಸಿಯಾಗುವುದು ಬೇರೆ. ದಪ್ಪ ಹಲಗೆಯ ಹೊಟ್ಟೆಗೆ ಬಿಸಿ ಮುಟ್ಟಿಸಲು ಘಟಕದವರು ಹಲಗೆಗೆ ತೂತು ಕೊರೆದು ಒಳಗೆ ತಾಪಮಾಪಕದ ತಂತಿ ತೂರಿಸಿ ಗಂಟೆಗಟ್ಟಲೆ ಕಾಯುತ್ತಾರೆ. ನಾನೇ ಒಮ್ಮೆ ಹೋಗಿ ನೋಡಿದ್ದೇನೆ. ಬಾಗಿಲು ತೆರೆದಾಗ ಬಂದ ವಾಸನೆ ನಮ್ಮೂರಿನ ಸೌದೆಯ ಒಲೆಯನ್ನು ನೆನಪಿಸಿತ್ತು.

ಶುರುವಿನಲ್ಲಿ ಈ ಠಸ್ಸೆಯನ್ನು ನಾವು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಸ್ಟಮ್ಸಿನವರ ಇನ್ನೊಂದು ಕಿರಿಕಿರಿ ಅಷ್ಟೇ ಅಂದುಕೊಂಡೆವು. 2006ರ ಜುಲೈಯಿಂದ ಅಮೆರಿಕದವರು ಪೂರ್ತಿ ಬಿಗಿ ಮಾಡಿದರು. ಅದೇ ವರ್ಷ ನಮ್ಮ ಒಬ್ಬ ಗಿರಾಕಿಯ ಗ್ರಾನೈಟ್ ಕಂಟೇನರ್ ಅಲ್ಲಿ ನಿಂತುಬಿಟ್ಟಿತು. ಕಲ್ಲು ಉತ್ತರ ಕರ್ನಾಟಕದ್ದು, ಕನ್ನಡಿಯಂಥ ಪಾಲಿಶ್. ಕಲ್ಲಿಗೆ ಕಟ್ಟಿದ ಮರದ ಚೌಕಟ್ಟಿನಲ್ಲಿ ಎರಡು ತುಂಡಿಗೆ ತೊಗಟೆ ಇತ್ತು, ಠಸ್ಸೆ ಇರಲಿಲ್ಲ. ಕಟ್ಟುವಾಗ ಹಲಗೆ ಸಾಲದೆ ಯಾರೋ ಕೂಲಿಯವನು ಪಕ್ಕದಲ್ಲಿ ಬಿದ್ದಿದ್ದ ತುಂಡು ಸೇರಿಸಿದ್ದ. ದಂಡ ಕಟ್ಟುತ್ತೇವೆ, ಆ ತುಂಡು ತೆಗೆದು ಸುಡಿ ಎಂದು ನಾವು ಬೇಡಿಕೊಂಡದ್ದು ನಡೆಯಲಿಲ್ಲ. ವಾಪಸ್ ಒಯ್ಯಿರಿ ಎಂದರು. ಎರಡು ತುಂಡು ಹಲಗೆಗಾಗಿ ಇಡೀ ಕಲ್ಲು ಮತ್ತೆ ಸಮುದ್ರ ದಾಟಿ ಬಂತು. ಆ ಗಿರಾಕಿ ಆಮೇಲೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ಆಗ ನನಗೆ ಸಿಟ್ಟೇ ಬಂದಿತ್ತು. ಅಮೆರಿಕದವರಿಗೆ ಇಷ್ಟೊಂದು ಕೊಬ್ಬೇ ಅಂತ. ಅವರಿಗೆ ಎಲ್ಲಿ ಸುಟ್ಟಿತ್ತು ಎನ್ನುವುದು ಆಮೇಲೆ ತಿಳಿಯಿತು.

ಅಲ್ಲಿ ಚೆಸ್ಟ್‌ನಟ್ ಎಂಬ ಮರವಿತ್ತು. ನಮ್ಮ ಮಲೆನಾಡಿಗೆ ಹಲಸು ಹೇಗೋ ಅವರ ಪೂರ್ವದ ಬೆಟ್ಟಗಳಿಗೆ ಅದು ಹಾಗೆ. ಹಣ್ಣು ಜನರಿಗೂ ಹಂದಿಗೂ ಕರಡಿಗೂ, ಮರ ಮನೆಗೆ, ಬೇಲಿಗೆ, ರೈಲಿನ ಕೆಳಗಿನ ದಿಮ್ಮಿಗೆ. ಏಷ್ಯಾದಿಂದ ತರಿಸಿದ ಸಸಿಗಳ ಜೊತೆ ಒಂದು ಶಿಲೀಂಧ್ರ ಹೋಯಿತು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಮೊದಲು ಕಂಡಿತು. ಐವತ್ತು ವರ್ಷದೊಳಗೆ ಸುಮಾರು 300ರಿಂದ 400 ಕೋಟಿ ಮರ ಹೋದವು. ಇವತ್ತಿಗೂ ಹಳೆಯ ಬೇರಿನಿಂದ ಚಿಗುರು ಬರುತ್ತದಂತೆ, ಸ್ವಲ್ಪ ಎತ್ತರವಾಗುವಷ್ಟರಲ್ಲಿ ಅದೇ ರೋಗ ಹಿಡಿದು ಒಣಗುತ್ತದಂತೆ. 1912ರಲ್ಲಿ ಅಮೆರಿಕ ಸಸ್ಯ ಕ್ವಾರಂಟೈನ್ ಕಾಯಿದೆ ಮಾಡಿತು. ಕಳ್ಳ ಒಳಗೆ ಬಂದ ಮೇಲೆ ಬಾಗಿಲಿಗೆ ಅಗುಳಿ.

ಅಗುಳಿ ಹಾಕಿದರೂ ಕಿಟಕಿ ತೆರೆದೇ ಇತ್ತು. ಅದೇ ಈ ಪ್ಯಾಕಿಂಗ್ ಹಲಗೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಸ್ತೆ ಬದಿಯ ಮೇಪಲ್ ಮರಗಳಲ್ಲಿ ಬೆರಳು ತೂರುವಂಥ ತೂತು ಕಂಡವು. ಕಪ್ಪು ಮೈ, ಬಿಳಿ ಚುಕ್ಕಿ, ಮೈಗಿಂತ ಉದ್ದದ ಮೀಸೆಯ ದುಂಬಿ, ಚೀನಾದಿಂದ ಬಂದದ್ದು. 1998ರಲ್ಲಿ ಶಿಕಾಗೋದಲ್ಲಿ ಕಂಡಿತು. ಅಲ್ಲಿಯವರು ಹಟಕ್ಕೆ ಬಿದ್ದು, ಹುಳ ಹಿಡಿದ ಮರಗಳನ್ನೆಲ್ಲ ಕಡಿದು ಚೂರು ಮಾಡಿ, ಉಳಿದವುಗಳಿಗೆ ವರ್ಷಗಟ್ಟಲೆ ಔಷಧಿ ಕೊಟ್ಟು, 2008ರಲ್ಲಿ ಶಿಕಾಗೋದಿಂದ ಅದನ್ನು ನಿರ್ಮೂಲ ಮಾಡಿದೆವು ಎಂದು ಘೋಷಿಸಿದರು. ಅದೇ 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಎಂಬ ಊರಿನಲ್ಲಿ ಇನ್ನೂ ದೊಡ್ಡದಾಗಿ ಸಿಕ್ಕಿತು. ಅಲ್ಲಿ 30 ಸಾವಿರಕ್ಕೂ ಹೆಚ್ಚು ಮರ ತೆಗೆಯಬೇಕಾಯಿತು. ನೆರಳಿನ ಬೀದಿಗಳು ಬೋಳಾದವು. ಇನ್ನೊಂದು ಹುಳ, ಹಸಿರು ಮಿಂಚಿನದು, 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು. ಆ್ಯಶ್ ಎಂಬ ಜಾತಿಯ ಮರಗಳನ್ನು ಕೋಟಿಗಟ್ಟಲೆ ತಿಂದು ಹಾಕಿದೆ. ಅದು ತಾನೇ ಹಾರಿದ್ದಕ್ಕಿಂತ ದೂರ ಅದನ್ನು ಒಯ್ದದ್ದು ಕಾರಿನ ಡಿಕ್ಕಿ. ರಜೆಗೆ ಕಾಡಿಗೆ ಹೋಗುವವರು ಕ್ಯಾಂಪ್ ಹಾಕಿ ಬೆಂಕಿ ಕಾಯಿಸಲು ಮನೆಯಿಂದಲೇ ಸೌದೆ ಒಯ್ಯುತ್ತಿದ್ದರು. ಅದಕ್ಕೇ ಅಲ್ಲಿ ರೋಗ ಬಿದ್ದ ಪ್ರದೇಶದಿಂದ ಸೌದೆ ಹೊರಗೆ ಸಾಗಿಸುವಂತಿಲ್ಲ ಎಂದು ನಿರ್ಬಂಧ ಹಾಕಿದ್ದರು. ಸೌದೆ ಎಲ್ಲಿ ಕೊಂಡಿರೋ ಅಲ್ಲೇ ಸುಡಿ ಎಂದು ಫಲಕ ಹಾಕುತ್ತಾರೆ.

ನಮ್ಮ ಮುಂಬಯಿಗೂ ಈ ಕಥೆಯಲ್ಲಿ ಹಳೆಯ ಪಾತ್ರವಿದೆ. ಅಮೆರಿಕದ ಹತ್ತಿ ಹೊಲಗಳನ್ನು ಆಗ ಮೂತಿಹುಳವೊಂದು ಹಾಳು ಮಾಡುತ್ತಿತ್ತು. ಅದು ಹತ್ತಿ ಬೇಲುಗಳ ಜೊತೆ ಇಲ್ಲಿಗೆ ಬಂದೀತೆಂದು 1906ರಲ್ಲೇ ಸರ್ಕಾರ ಆ ಬೇಲುಗಳಿಗೆಲ್ಲ ವಿಷದ ಹೊಗೆ ಹಾಕಿಸಬೇಕೆಂದಿತು. ಅಮೆರಿಕದ ಹತ್ತಿ ಬಂದರೆ ಬೊಂಬಾಯಿ ಬಂದರಿನಿಂದ ಮಾತ್ರ ಬರಬೇಕು. ಆ ಹುಳ ಇವತ್ತಿಗೂ ಭಾರತಕ್ಕೆ ಬಂದಿಲ್ಲ. ಹತ್ತಿ ಗಿರಣಿಗಳೇ ಹೋದವು, ಮಾಲ್‌ಗಳು ಬಂದವು, ಹುಳ ಮಾತ್ರ ಬರಲಿಲ್ಲ. ಇಂಥ ಗೆಲುವಿಗೆ ಯಾರೂ ಪ್ರತಿಮೆ ನಿಲ್ಲಿಸುವುದಿಲ್ಲ, ಏಕೆಂದರೆ ಏನೂ ಆಗಲಿಲ್ಲವಲ್ಲ. 1914ರಲ್ಲಿ ನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಬಂತು. ನಾನು ನಿವೃತ್ತನಾಗುವವರೆಗೂ ನಮ್ಮ ಕಾಗದಗಳು ಆ ಕಾಯಿದೆ ಮತ್ತು ಅದರಡಿ ಬಂದ 2003ರ ಆದೇಶದ ಹೆಸರಿನಲ್ಲೇ ಓಡಾಡುತ್ತಿದ್ದವು. ಶಿವಡಿಯ ಸಸ್ಯ ಕ್ವಾರಂಟೈನ್ ಕೇಂದ್ರಕ್ಕೆ ನಾನು ಎಷ್ಟು ಚಪ್ಪಲಿ ಸವೆಸಿದ್ದೇನೋ ಲೆಕ್ಕವಿಲ್ಲ.

ಅಂದರೆ ನನಗೆ ಈ ನಿಯಮ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಈಗ ಆ ಕಾರಣಕ್ಕೆ ಬರುತ್ತೇನೆ.

ನಮ್ಮದು ಮೂಡಿಗೆರೆ ತಾಲೂಕಿನ ಸಣ್ಣ ತೋಟ. ನಾಲ್ಕೂವರೆ ಎಕರೆ ಕಾಫಿ, ಹಾಲುವಾಣದ ಮರಗಳಿಗೆ ಹಬ್ಬಿಸಿದ ಮೆಣಸು. ಹಾಲುವಾಣ ಎಂದರೆ ಕೆಲವರಿಗೆ ಹೊಂಗಾರೆ ಎಂದರೆ ತಿಳಿದೀತು. ಮಾಘದಲ್ಲಿ ಎಲೆ ಉದುರಿಸಿ ಕೆಂಡದಂಥ ಹೂ ಬಿಡುವ ಮುಳ್ಳಿನ ಮರ, ಇಲ್ಲಿಯ ಮರಾಠಿಯವರ ಪಾಂಗಾರಾ. ಕಾಫಿಗೆ ನೆರಳು, ಮೆಣಸಿಗೆ ಆಸರೆ, ಉದುರಿದ ಎಲೆ ಗೊಬ್ಬರ. ಅದಕ್ಕೆ ಬೀಜ ಬಿತ್ತುವ ರಗಳೆ ಇಲ್ಲ. ಆಳೆತ್ತರದ ಗೂಟ ಕಡಿದು ನೆರಳಲ್ಲಿ ನಿಲ್ಲಿಸಿಟ್ಟು ಮೊದಲ ಮಳೆಗೆ ನೆಟ್ಟರೆ ಮುಗಿಯಿತು, ಚಿಗುರುತ್ತದೆ.

2006ರಲ್ಲಿ ಅಣ್ಣ ಕೆಳಗಿನ ಒಂದು ಎಕರೆಗೆ ಹೊಸದಾಗಿ ಮೆಣಸು ಹಾಕಲು ಹೊರಟ. ಗೂಟ ಬೇಕಿತ್ತು. ಊರಿನಲ್ಲಿ ಆಗ ಗೂಟಕ್ಕೂ ದರ ಏರಿತ್ತು. ನನಗೆ ಬಂದರಿನ ಲಾರಿಯವರ ಪರಿಚಯ. ಕೇರಳ ಕಡೆಯಿಂದ ಖಾಲಿ ಬರುವ ಲಾರಿಯೊಂದು ಸಿಕ್ಕಿತು, ವಯನಾಡಿನ ಕಡೆ ಒಬ್ಬರು ಅಗ್ಗಕ್ಕೆ ಗೂಟ ಕಡಿದು ಕೊಡಲು ಒಪ್ಪಿದರು. ಫೋನಿನಲ್ಲೇ ಎಲ್ಲ ಕುದುರಿಸಿದೆ. ಮುಂಬಯಿಯಲ್ಲಿ ಕೂತೇ ಅಣ್ಣನಿಗೆ ಒಂದು ಉಪಕಾರ ಮಾಡಿದೆ ಎಂಬ ಹಮ್ಮು ಬೇರೆ. ಊರು ಬಿಟ್ಟವರಿಗೆ ಈ ಹಮ್ಮು ಎಷ್ಟು ಮುಖ್ಯ ಎಂದು ನಿಮಗೆ ಹೇಳಬೇಕಾಗಿಲ್ಲ.

ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿದರಂತೆ. ತೇಗವೇ, ಬೀಟೆಯೇ ಎಂದು ನೋಡಿದರು, ಹಾಲುವಾಣ ಎಂದ ಕೂಡಲೇ ಬಿಟ್ಟರು. ಅವರ ತಪ್ಪೇನೂ ಇಲ್ಲ. ಅರಣ್ಯದ ಚೆಕ್‌ಪೋಸ್ಟ್ ಇರುವುದು ಮರ ಕದಿಯುವವರನ್ನು ಹಿಡಿಯಲು, ಮರದೊಳಗಿನ ಹುಳವನ್ನು ಹಿಡಿಯಲು ಅಲ್ಲ. ದೇಶದೊಳಗೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಎಂಬ ಕ್ವಾರಂಟೈನ್ ಪಟ್ಟಿಯೂ ನಮ್ಮಲ್ಲಿದೆ, ಅದರಲ್ಲಿ ಬೆರಳೆಣಿಕೆಯ ಪೀಡೆಗಳಿವೆ: ನೀಲಗಿರಿಯ ಆಲೂಗಡ್ಡೆಯ ಹುಳು, ಬಾಳೆಯ ಗುಚ್ಛ ತಲೆ ರೋಗ, ಕಾಫಿ ಕಾಯಿ ಕೊರಕ, ಸೇಬಿನ ಕೆಲವು ಕಾಯಿಲೆ ಇತ್ಯಾದಿ. ಕಾಫಿ ಕಾಯಿ ಕೊರಕ 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡಾಗಲೇ ಆ ಪಟ್ಟಿ ನಮ್ಮ ಕಡೆಯವರಿಗೆ ಗೊತ್ತಾದದ್ದು. ಆದರೂ ಅದು ಕೊಡಗಿಗೂ ಬಂತು, ನಮ್ಮಲ್ಲಿಗೂ ಬಂತು. ಹಾಲುವಾಣದ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಗೂಟ ಇಳಿಸಿ ಕಣದ ಪಕ್ಕ ನಿಲ್ಲಿಸಿದ ಹದಿನೈದು ದಿನಕ್ಕೆ ಅಲ್ಲಲ್ಲಿ ಹಸಿರು ಕಣ್ಣೊಡೆದವು. ತೋಟಕ್ಕೆ ಬರುತ್ತಿದ್ದ ಹೆಂಗಸೊಬ್ಬಳು, "ಇದೆಂಥದು ಅಯ್ಯಾ, ಚಿಗುರೆಲ್ಲ ಗಂಟು ಗಂಟು?" ಎಂದು ಅಣ್ಣನಿಗೆ ತೋರಿಸಿದ್ದಳಂತೆ. ಬೇರೆ ಊರಿನ ಜಾತಿ, ಹಾಗಿರುತ್ತದೆ ಎಂದುಕೊಂಡರು. ಮಳೆ ಬಂತು, ನೆಟ್ಟರು.

ಅದು ಕಣಜದ ಬಂಧು. ಉದ್ದ ಒಂದೂವರೆ ಮಿಲಿಮೀಟರು, ಸಾಸಿವೆಗಿಂತಲೂ ಸಣ್ಣದು. ಎಳೆ ಚಿಗುರಿನಲ್ಲಿ, ಎಲೆಯ ತೊಟ್ಟಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ಬೆಳೆಯುವಾಗ ಮರ ತನ್ನ ಸುತ್ತ ಗಂಟು ಕಟ್ಟಿಕೊಳ್ಳುತ್ತದೆ. ಮೊಟ್ಟೆಯಿಂದ ಹಾರುವವರೆಗೆ ಸುಮಾರು ಮೂರು ವಾರ. ಮತ್ತೆ ಹೊಸ ಚಿಗುರು, ಮತ್ತೆ ಮೊಟ್ಟೆ. ಮೂಲ ಆಫ್ರಿಕಾ ಎನ್ನುತ್ತಾರೆ. ವಿಜ್ಞಾನಿಗಳು ಅದಕ್ಕೊಂದು ಹೆಸರಿಟ್ಟದ್ದೇ 2004ರಲ್ಲಿ. ಅಷ್ಟರಲ್ಲಿ ಅದು ಮಾರಿಷಸ್, ಸಿಂಗಾಪುರ, ತೈವಾನ್ ಮುಟ್ಟಿಯಾಗಿತ್ತು. 2005ರಲ್ಲಿ ಹವಾಯಿ ದ್ವೀಪಕ್ಕೆ ಹೋಗಿ ಅಲ್ಲಿಯ ಕಾಡಿನ ವಿಲಿವಿಲಿ ಎಂಬ ಹಾಲುವಾಣದ ತಂಗಿಯನ್ನು ಒಣಗಿಸಿತು. 2005-06ರ ಹೊತ್ತಿಗೆ ಕೇರಳದಲ್ಲಿತ್ತು.

ಮುಂದಿನ ವರ್ಷ ಹೊಸ ಗೂಟಗಳು ಮುರುಟಿದವು. ಅದರ ಮುಂದಿನ ವರ್ಷ ಅಪ್ಪ ನೆಟ್ಟ ಹಳೆಯ ಮರಗಳು. ಎಲೆ ಬಾರದ ಮರ ನೆರಳು ಕೊಡಲಿಲ್ಲ, ಆಮೇಲೆ ಟೊಂಗೆ ಒಣಗಿತು, ಬುಡ ಕೊಳೆತು ಗಾಳಿಗೆ ಒರಗಿತು, ಒರಗುವಾಗ ಇಪ್ಪತ್ತು ವರ್ಷದ ಮೆಣಸಿನ ಬಳ್ಳಿಯನ್ನೂ ಕೆಡವಿಕೊಂಡಿತು. ನಾನು ಆ ವರ್ಷ ಗಣೇಶ ಚೌತಿಗೆ ಹೋದಾಗ ಮೇಲಿನ ತೋಟದಲ್ಲಿ ಆಕಾಶ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಅಲ್ಲಿ ಆಕಾಶ ನೋಡಿದ್ದೇ ಇಲ್ಲ ನಾನು.

ನಮ್ಮ ಲಾರಿಯಿಂದಲೇ ಬಂತು ಎಂದು ಯಾರೂ ಸಾಬೀತು ಮಾಡಲಾರರು. ಆ ವರ್ಷಗಳಲ್ಲಿ ಅದು ಇಡೀ ಮಲೆನಾಡಿಗೆ ಹಬ್ಬಿತು, ಗಾಳಿಯಲ್ಲೂ ಬರುತ್ತದೆ, ನಮ್ಮ ಹಾಗೆ ಗೂಟ ತಂದವರು ಇನ್ನೆಷ್ಟೋ ಜನ. ನಾವು ತರದಿದ್ದರೂ ಒಂದೆರಡು ವರ್ಷ ತಡವಾಗಿ ಬರುತ್ತಿತ್ತೋ ಏನೋ. ಇದನ್ನೆಲ್ಲ ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ ಎಂದರೆ ಬಾಯಿಪಾಠವಾಗಿದೆ. ಆದರೆ ನಮ್ಮ ಹಳ್ಳಿಯಲ್ಲಿ ಮೊದಲು ಗಂಟು ಕಂಡದ್ದು ನಮ್ಮ ಕೆಳಗಿನ ಎಕರೆಯಲ್ಲಿ. ಆಮೇಲೆ ಬೇಲಿಯಾಚೆ, ಎರಡೇ ಎಕರೆ ಇದ್ದ ಒಬ್ಬ ಮುದುಕರ ತೋಟದಲ್ಲಿ. ಅವರಿಗೆ ಮೆಣಸು ಬಿಟ್ಟರೆ ಬೇರೆ ಆದಾಯವಿರಲಿಲ್ಲ. ಅವರು ನನ್ನನ್ನು ನೋಡಿದರೆ ಮೊದಲಿನಂತೆಯೇ "ಯಾವಾಗ ಬಂದ್ಯೋ" ಎಂದು ಕೇಳುತ್ತಿದ್ದರು. ಆ ಮಾತಿಗೆ ಉತ್ತರ ಕೊಡುವಾಗ ನನಗೆ ನಾಲಿಗೆ ಏಳುತ್ತಿರಲಿಲ್ಲ.

ನ್ಹಾವಾ ಶೇವಾದಲ್ಲಿ ಅಮೆರಿಕದ ಮೇಪಲ್ ಮರ ಉಳಿಯಲೆಂದು ಪ್ರತಿ ಹಲಗೆಯ ಠಸ್ಸೆ ಹುಡುಕುತ್ತಿದ್ದವನು, ಅದೇ ವರ್ಷ, ಅಪ್ಪನ ತೋಟಕ್ಕೆ ಒಂದು ಲೋಡ್ ಹಸಿ ಮರವನ್ನು ಕಣ್ಣಿನಿಂದಲೂ ನೋಡದೆ ಕಳಿಸಿದ್ದೆ.

ಅಣ್ಣ ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ವರ್ಷ ಆಡಲಿಲ್ಲ. ಹಾಲುವಾಣ ತೆಗೆದು ಸಿಲ್ವರ್ ಓಕ್ ಹಾಕಿದ. ಅದೂ ಆಸ್ಟ್ರೇಲಿಯಾದ ಮರವೇ, ಆದರೆ ಆ ವಿಷಯ ಇರಲಿ. 2020ರ ಮೇ ತಿಂಗಳಲ್ಲಿ ಅತ್ತಿಗೆ ಬಿದ್ದು ಸೊಂಟ ಮುರಿದುಕೊಂಡರೆಂದು ಪಾಸ್ ಮಾಡಿಸಿಕೊಂಡು ಊರಿಗೆ ಹೋದೆ. ಮುಂಬಯಿಯಿಂದ ಬಂದವರೆಂದರೆ ಆಗ ಊರಿನವರಿಗೆ ಯಮನ ದೂತರು. ನಮ್ಮ ಓದುಗರಲ್ಲಿ ಎಷ್ಟು ಜನ ಅದನ್ನು ಉಂಡಿದ್ದೀರೋ. ನನ್ನನ್ನು ನಾನು ಓದಿದ ಪ್ರೈಮರಿ ಶಾಲೆಯಲ್ಲೇ ಇರಿಸಿದರು. ಅಣ್ಣ ದಿನಾ ಮಧ್ಯಾಹ್ನ ಬುತ್ತಿ ತಂದು ಗೇಟಿನ ಕಟ್ಟೆಯ ಮೇಲಿಟ್ಟು, ಆಚೆ ಹಲಸಿನ ಮರದ ಕೆಳಗೆ ನಿಲ್ಲುತ್ತಿದ್ದ. ನಾನು ಉಣ್ಣುವವರೆಗೆ ನಿಂತು, ಕ್ಯಾರಿಯರ್ ಹಿಡಿದು ಹೋಗುತ್ತಿದ್ದ. ನಾಲ್ಕನೆಯ ದಿನವೋ ಐದನೆಯ ದಿನವೋ ಅಲ್ಲಿಂದಲೇ ಕೂಗಿ ಹೇಳಿದ:

"ನಿನ್ನನ್ನ ಒಳಗೆ ಬಿಡೋಕೆ ಹದಿನಾಲ್ಕು ದಿನ ಕಾಯ್ತಾ ಇದೀವಿ ಕಣೋ. ಆ ಗೂಟಗಳನ್ನ ಒಂದು ತಿಂಗಳು ಕಣದಾಚೆ ಇಟ್ಟು ನೋಡಿದ್ರೆ ಆಗ್ತಿತ್ತು."

ಸಿಟ್ಟಿರಲಿಲ್ಲ ದನಿಯಲ್ಲಿ. ಲೆಕ್ಕ ಹೇಳಿದ ಹಾಗೆ ಹೇಳಿದ. ನಾನು ತಟ್ಟೆ ನೋಡುತ್ತಾ ಕೂತೆ. "ಹೌದಣ್ಣ" ಎಂದೆ. ಅಷ್ಟೇ ನಮ್ಮಿಬ್ಬರ ನಡುವೆ ಆ ವಿಷಯದಲ್ಲಿ ನಡೆದ ಮಾತು.

ಹೊರಗಿನವರು ಬೇಡ, ಹೊರಗಿನದು ಬೇಡ ಎಂಬ ಮಾತು ಕೇಳಿದರೆ ಮುಂಬಯಿ ಕನ್ನಡಿಗರಿಗೆ ಮೈ ಮುಳ್ಳೇಳುತ್ತದೆ. ಅರವತ್ತರ ದಶಕದ ಕೊನೆಗೆ ದಕ್ಷಿಣದವರ ಹೋಟೆಲಿಗೆ ಕಲ್ಲು ಬಿದ್ದ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ಅದಕ್ಕೇ ಮರಗಿಡಗಳಿಗೂ ಆ ಭಾಷೆ ಬಳಸುವುದು ನನಗೆ ಇಷ್ಟವಿಲ್ಲ. ಮೆಣಸಿನಕಾಯಿ, ಗೋಡಂಬಿ, ಪಪ್ಪಾಯಿ, ಸ್ವತಃ ಕಾಫಿ, ಎಲ್ಲ ಹೊರಗಿನಿಂದ ಬಂದು ನಮ್ಮವಾದವು. ಕ್ವಾರಂಟೈನಿನ ಪ್ರಶ್ನೆ ಯಾರು ಹೊರಗಿನವರು ಎಂದಲ್ಲ. ಹುಳವೊಂದು ತನ್ನ ಊರಿನಲ್ಲಿ ಶತ್ರುಗಳ ನಡುವೆ ಬದುಕುತ್ತದೆ, ಅಲ್ಲಿಯ ಮರವೂ ಅದಕ್ಕೆ ಒಗ್ಗಿರುತ್ತದೆ. ಪೆಟ್ಟಿಗೆಯಲ್ಲಿ ಕೂತು ಬರುವಾಗ ಹುಳ ಒಂದೇ ಬರುತ್ತದೆ, ಅದರ ಶತ್ರು ಅಲ್ಲೇ ಉಳಿಯುತ್ತದೆ. ಹವಾಯಿಯವರು ಕೊನೆಗೆ ಮಾಡಿದ್ದೂ ಅದನ್ನೇ. ಆಫ್ರಿಕಾದ ಟಾಂಜಾನಿಯಾಕ್ಕೆ ಹೋಗಿ ಆ ಕಣಜವನ್ನು ತಿನ್ನುವ ಇನ್ನೊಂದು ಕಣಜ ಹುಡುಕಿ, ಅದನ್ನೂ ಕ್ವಾರಂಟೈನಿನಲ್ಲಿಟ್ಟು ಪರೀಕ್ಷಿಸಿ, 2008ರಲ್ಲಿ ಬಿಟ್ಟರು. ವಿಲಿವಿಲಿ ಮತ್ತೆ ಚಿಗುರಿತು. ನಮ್ಮಲ್ಲೂ ಪಪ್ಪಾಯಿಯ ಬಿಳಿ ತಿಗಣೆ 2008ರಲ್ಲಿ ಕೊಯಮತ್ತೂರಿನ ಕಡೆ ಕಂಡು ಹಾವಳಿ ಎಬ್ಬಿಸಿದಾಗ, ಬೆಂಗಳೂರಿನ ಕೀಟ ಸಂಶೋಧಕರು 2010ರಲ್ಲಿ ಪೋರ್ಟೊ ರಿಕೊದಿಂದ ಅದರ ಶತ್ರುವನ್ನು ತರಿಸಿ ಬಿಟ್ಟು ಹತೋಟಿಗೆ ತಂದರು. ಬಾಗಿಲಲ್ಲಿ ತಡೆಯುವುದು ಇದಕ್ಕಿಂತ ಎಷ್ಟೋ ಅಗ್ಗ.

ಈಗ ನಿಮ್ಮ ವಿಷಯಕ್ಕೆ ಬರೋಣ. ಊರಿಗೆ ಹೋದವರು ಖಾಲಿ ಕೈಯಲ್ಲಿ ಬರುವುದಿಲ್ಲ. ಮಂಗಳೂರಿನಿಂದ ಮಲ್ಲಿಗೆ ಗಿಡ, ಶಿರಸಿಯಿಂದ ಮೆಣಸಿನ ಬಳ್ಳಿ, ಅಮ್ಮ ಕಟ್ಟಿ ಕೊಟ್ಟ ಬಾಳೆ ಕಂದು, ಎಲ್ಲ ಬೇರಿನ ಮಣ್ಣು ಸಮೇತ. ಮಣ್ಣೇ ತಾನೇ ಊರು. ನನಗೆ ಗೊತ್ತು, ನನ್ನ ಬಾಲ್ಕನಿಯಲ್ಲೂ ಇದೆ. ಆದರೆ ರೋಗದ ಬೀಜ ಹೆಚ್ಚಾಗಿ ಇರುವುದೂ ಆ ಮಣ್ಣಿನಲ್ಲೇ. ವಿದೇಶದಿಂದ ಬರುವವರಂತೂ ಮಣ್ಣಿರುವ ಗಿಡವನ್ನು ಚೀಲದಲ್ಲಿ ತರಲೇಬಾರದು, ಹೊರದೇಶದ ಮಣ್ಣು ಒಳಗೆ ತರುವುದಕ್ಕೆ ನಮ್ಮಲ್ಲಿ ನಿಷೇಧವಿದೆ. ಇಲ್ಲಿಂದ ಊರಿಗೆ ಒಯ್ಯುವಾಗಲೂ ಎಚ್ಚರ. ಬಾಲ್ಕನಿಯ ಗಿಡ ಸತ್ತರೆ ಒಂದು ಕುಂಡ ಹೋಯಿತು, ಊರಿನ ತೋಟಕ್ಕೆ ಏನಾದರೂ ಹೋದರೆ ಪಕ್ಕದವರ ತೋಟವೂ ಹೋಗುತ್ತದೆ.

ನಮ್ಮಲ್ಲಿ ಹಲವರು ಈಗ ಪಿತ್ರಾರ್ಜಿತ ಜಮೀನಿಗೆ ಶ್ರೀಗಂಧ ಹಾಕಿಸುತ್ತಿದ್ದಾರೆ. 2001ರಲ್ಲಿ ಕಾನೂನು ಸಡಿಲವಾದ ಮೇಲೆ ಅದೊಂದು ಹುಮ್ಮಸ್ಸು. ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ಗಂಧಕ್ಕೆ ಸ್ಪೈಕ್ ಎಂಬ ರೋಗವಿದೆ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದದ್ದು, ನೂರಿಪ್ಪತ್ತು ವರ್ಷ ಕಳೆದರೂ ಮದ್ದಿಲ್ಲ. ಎಲೆ ಸಣ್ಣದಾಗಿ ಮುಳ್ಳಿನಂತೆ ಗುಂಪಾಗಿ ನಿಲ್ಲುತ್ತದೆ, ಎರಡು ಮೂರು ವರ್ಷದಲ್ಲಿ ಮರ ಹೋಗುತ್ತದೆ. ಹೀರುವ ಕೀಟಗಳು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಅಂಥ ಗಿಡ ಕಂಡರೆ ಕಿತ್ತು ತೆಗೆಯುವುದೊಂದೇ ದಾರಿ. ಆನ್‌ಲೈನಿನಲ್ಲಿ ಅರ್ಧ ದರಕ್ಕೆ ಸಿಕ್ಕಿತೆಂದು ಎಲ್ಲಿಯದೋ ಸಸಿ ತರಿಸುವ ಮುನ್ನ ನನ್ನ ಲಾರಿಯನ್ನು ನೆನಪಿಸಿಕೊಳ್ಳಿ.

ಕಾಕುವಿನ ತೊಟ್ಟಿಲು ಏನಾಯಿತು ಎಂದು ಕೇಳುತ್ತೀರಿ. ಕುಟ್ಟೆ ಇದ್ದದ್ದು ಮೂಲ ತೊಟ್ಟಿಲಿನಲ್ಲಲ್ಲ. ಸಾಗವಾನಿಯ ಹಳೆಯ ತಿರುಳು ಗಟ್ಟಿಯಾಗಿಯೇ ಇತ್ತು. ಎಂದೋ ರಿಪೇರಿಗೆ ಬಡಗಿಯೊಬ್ಬ ಕೆಳಗೆ ಹೊಡೆದ ಮಾವಿನ ಪಟ್ಟಿಯಲ್ಲಿ ಇತ್ತು. "ಪುಡಿ ಒರಿಸಿ, ಬಣ್ಣಾ ಹಚ್ಚಿ ಕಳಸಿದ್ರ ಅವರಿಗೆ ಹ್ಯಾಂಗ ಗೊತ್ತಾಗ್ತದ್ರಿ?" ಎಂದು ಕಾಕು ಮೆಲ್ಲಗೆ ಕೇಳಿದರು. ಪ್ಯಾಕರ್ಸ್‌ನವನು ಆ ಉಪಾಯ ಹೇಳಿಕೊಟ್ಟಿದ್ದನಂತೆ. ಆಸ್ಟ್ರೇಲಿಯಾದಲ್ಲಿ ಮನೆ ಸಾಮಾನನ್ನೂ ಬಿಚ್ಚಿ ನೋಡುತ್ತಾರೆ, ಜೀವಂತ ಹುಳವೋ ತೊಗಟೆಯೋ ಸಿಕ್ಕರೆ ನಿಮ್ಮ ಖರ್ಚಿನಲ್ಲೇ ಹೊಗೆ ಹಾಕಿಸಬೇಕು, ಇಲ್ಲ ವಾಪಸ್ ತರಿಸಬೇಕು, ಇಲ್ಲ ನಾಶ ಮಾಡಿಸಬೇಕು ಎಂದೆ. ಅದು ಅವರಿಗೆ ನಾಟಲಿಲ್ಲ. ಆಗ ನಮ್ಮ ಹಾಲುವಾಣದ ಕಥೆ ಹೇಳಿದೆ. ಹೊರಗಿನವರೊಬ್ಬರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಕಾಕು ಸುಮ್ಮನೆ ಕೇಳಿ, ಒಳಗೆ ಹೋಗಿ ಚಹಾ ತಂದು ಕೊಟ್ಟು, "ಆ ಪ್ಯಾಕರ್ ಹುಡುಗಗ ಬರಬ್ಯಾಡ ಅಂತ ಹೇಳ್ರಿ," ಎಂದರು.

ಬಡಗಿಯನ್ನು ಕರೆಸಿ ಪಟ್ಟಿ ಬಿಚ್ಚಿಸಿದೆವು. ಬಿಸಿ ಕೊಟ್ಟರೆ ಅರಗಿನ ಬಣ್ಣ ಏನಾಗುತ್ತದೋ ಎಂಬ ಭಯವಿತ್ತು, ಹಾಗಾಗಿ ಮಾನ್ಯತೆ ಇರುವವರಲ್ಲಿ ಹೊಗೆ ಹಾಕಿಸಿ ಪ್ರಮಾಣಪತ್ರ ಪಡೆದೆವು. ಪೆಟ್ಟಿಗೆಗೆ ಠಸ್ಸೆ ಇರುವ ಹಲಗೆಯನ್ನು ನಾನೇ ನಿಂತು ಆರಿಸಿದೆ. ಎಲ್ಲ ಸೇರಿ ಮೂರು ವಾರ ತಡವಾಯಿತು. ತೊಟ್ಟಿಲು ಈಗ ಸಮುದ್ರದಲ್ಲಿದೆ. ಬಿಚ್ಚಿದ ಪಟ್ಟಿಯನ್ನು ಕಾಕು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದರು, ಹೋಳಿಯ ರಾತ್ರಿ ಸೊಸೈಟಿಯ ಬೆಂಕಿಗೆ ತಾವೇ ಹಾಕಿದರು.

ಮೊನ್ನೆ ಅಣ್ಣನ ಮಗ ಫೋನ್ ಮಾಡಿದ್ದ. "ಚಿಕ್ಕಪ್ಪ, ಬೆಣ್ಣೆ ಹಣ್ಣಿನ ಕಸಿ ಗಿಡ ಇನ್ನೂರು ಬರ್ತಾ ಇದೆ, ತಮಿಳುನಾಡಿನ ನರ್ಸರಿಯಿಂದ. ಲಾರಿ ನಾಳೆ ಬರುತ್ತೆ." ಎಲ್ಲಿ ಇಳಿಸುತ್ತೀಯ ಎಂದು ಕೇಳಿದೆ. ತೋಟದಲ್ಲೇ, ಗುಂಡಿ ಆಗಲೇ ತೋಡಿಸಿದ್ದೇನೆ ಎಂದ. ತೋಟಕ್ಕೆ ಬೇಡ, ರಸ್ತೆ ಬದಿಯ ಹಳೇ ಶೆಡ್ಡಿನ ಹತ್ತಿರ ಇಳಿಸು, ನೀರು ಹರಿದು ತೋಟಕ್ಕೆ ಬರದ ಕಡೆ, ಒಂದು ಮಳೆ ಕಳೆಯಲಿ ಎಂದೆ. "ಒಂದು ಮಳೇನಾ! ಈ ವರ್ಷ ಹೋಯ್ತಲ್ಲ ಚಿಕ್ಕಪ್ಪ," ಎಂದು ಗೊಣಗಿದ. ಹಿಂದಿನಿಂದ ಅಣ್ಣನ ದನಿ ಕೇಳಿಸಿತು: "ಅವನು ಹೇಳ್ದಂಗೆ ಮಾಡು."

ನಿನ್ನೆ ಫೋಟೋ ಕಳಿಸಿದ್ದಾನೆ. ಶೆಡ್ಡಿನ ಪಕ್ಕ ಸಾಲಾಗಿ ಇನ್ನೂರು ಗಿಡ. ಮೂರನೆಯ ಸಾಲಿನಲ್ಲಿ ಎರಡು ಗಿಡದ ಎಲೆ ಹಳದಿಯಾದಂತೆ ಕಾಣುತ್ತದೆ. ಫೋನಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತಿರದಿಂದ ತೆಗೆದು ಕಳಿಸು ಎಂದಿದ್ದೇನೆ.